ಆಡು–ಕುರಿಗಳ ಹಿರೇಬೇನೆ: ಒಂದು ವೈರಾಣುವಿನ ವಂಶಕಥೆ

ಪಶುವೈದ್ಯರು ಪಿ.ಪಿ.ಆರ್. ಎನ್ನುವ, ಕರ್ನಾಟಕದ ಕುರಿಗಾರರಲ್ಲಿ ಹಿರೇಬೇನೆ ಎಂದು ಹೆಸರಾದ ರೋಗ ಆಡು–ಕುರಿಗಳಿಗೆ ಬರುವ ಅತಿ ಮಾರಕ ಸಾಂಕ್ರಾಮಿಕಗಳಲ್ಲೊಂದು. ವೈರಾಣು ಮೈಸೇರಿದ ನಾಲ್ಕರಿಂದ ಆರು ದಿನಗಳಲ್ಲಿ ಜ್ವರ ಏರುತ್ತದೆ. ಆಡು ಮೇವು ಬಿಟ್ಟು, ತಲೆ ತಗ್ಗಿಸಿ, ಮಂದೆಯ ಹಿಂದೆ ಉಳಿಯುತ್ತದೆ. ಮೊದಲು ನೀರಾಗಿ ಸುರಿಯುವ ಸಿಂಬಳ ಬರಬರುತ್ತ ಗಟ್ಟಿಯಾಗಿ ಹಳದಿಗೆ ತಿರುಗಿ ಹೊಳ್ಳೆಗಳನ್ನು ಮುಚ್ಚುತ್ತದೆ. ಕಣ್ಣಿನ ಗೀಜು ಒಣಗಿ ರೆಪ್ಪೆಗಳು ಅಂಟಿಕೊಳ್ಳುತ್ತವೆ. ಒಸಡು, ತುಟಿಯ ಒಳಮೈ, ನಾಲಿಗೆಗಳಲ್ಲಿ ಹುಣ್ಣೆದ್ದು ಬಾಯಿ ನಾರುತ್ತದೆ. ಹಿಕ್ಕೆಯ ಬದಲು ನೀರುಭೇದಿ, ಅದರ ಬೆನ್ನಿಗೇ ನ್ಯುಮೋನಿಯ. ಗಬ್ಬದ ಕುರಿಗಳು ಕಂದು ಹಾಕುತ್ತವೆ. ಹಿಂದೆ ಈ ರೋಗ ಕಾಣದ ಮಂದೆಯಲ್ಲಿ ಹತ್ತರಲ್ಲಿ ಏಳೆಂಟು ಸತ್ತದ್ದೂ ಉಂಟು. ಮನುಷ್ಯರಿಗೆ ಇದು ಅಂಟುವುದಿಲ್ಲ.

ಈ ರೋಗವನ್ನು ಮೊದಲು ವರ್ಣಿಸಿದ್ದು 1942ರಲ್ಲಿ, ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟಿನಲ್ಲಿ. ಗಾರ್ಗಡೆನ್ನೆಕ್ ಮತ್ತು ಲಲಾನ್ ಎಂಬ ಇಬ್ಬರು ಪಶುವೈದ್ಯರು ದನಗಳ ದೊಡ್ಡರೋಗವನ್ನೇ ಹೋಲುವ, ಆದರೆ ಪಕ್ಕದಲ್ಲೇ ಮೇಯುತ್ತಿದ್ದ ದನಗಳಿಗೆ ತಗಲದ ಒಂದು ಬೇನೆ ಆಡು–ಕುರಿಗಳನ್ನು ಕೊಲ್ಲುತ್ತಿರುವುದನ್ನು ಗುರುತಿಸಿದರು. ಅದು ದೊಡ್ಡರೋಗದ ವೈರಾಣುವೇ ವೇಷ ಬದಲಿಸಿ ಬಂದದ್ದೆಂದು ಬಹುಕಾಲ ಎಣಿಸಲಾಗಿತ್ತು. 1962ರಲ್ಲಿ ಪ್ರಯೋಗಾಲಯದ ಜೀವಕೋಶಗಳಲ್ಲಿ ಅದನ್ನು ಬೆಳೆಸಲು ಸಾಧ್ಯವಾಯಿತು. 1979ರ ಹೊತ್ತಿಗೆ ಅದು ತನ್ನದೇ ಆದ ಬೇರೆ ವೈರಾಣು ಎಂಬುದು ಖಚಿತವಾಯಿತು. ಮಕ್ಕಳ ದಡಾರ, ದನಗಳ ದೊಡ್ಡರೋಗ, ನಾಯಿಗಳ ಡಿಸ್ಟೆಂಪರ್ ಇವುಗಳ ವೈರಾಣುಗಳಿರುವ ಮಾರ್ಬಿಲಿವೈರಸ್ ಕುಲಕ್ಕೇ ಇದೂ ಸೇರಿದ್ದು.

ಈ ವೈರಾಣುವಿನ ಆನುವಂಶಿಕ ಸಾಮಗ್ರಿ ಆರ್‌ಎನ್‌ಎಯ ಒಂದೇ ಎಳೆ. ಅದರಲ್ಲಿ 15,948 ನ್ಯೂಕ್ಲಿಯೊಟೈಡುಗಳು, ಅಂದರೆ ಅಷ್ಟು ರಾಸಾಯನಿಕ ಅಕ್ಷರಗಳು. ಆರು ವಂಶವಾಹಿಗಳು ಸಾಲಾಗಿ ಕುಳಿತಿವೆ: ಎನ್, ಪಿ, ಎಂ, ಎಫ್, ಎಚ್, ಎಲ್. ಎನ್ ಪ್ರೋಟೀನು ಆರ್‌ಎನ್‌ಎಗೆ ಹೊದಿಕೆ. ಪಿ ಮತ್ತು ಎಲ್ ಸೇರಿ ನಕಲು ಮಾಡುವ ಯಂತ್ರ. ಎಂ ಒಳಗಿನ ಚೌಕಟ್ಟು. ಎಚ್ ಆತಿಥೇಯ ಜೀವಕೋಶವನ್ನು ಹಿಡಿಯುತ್ತದೆ, ಎಫ್ ಆ ಕೋಶದ ಪೊರೆಗೆ ವೈರಾಣುವಿನ ಪೊರೆಯನ್ನು ಬೆಸೆಯುತ್ತದೆ. ಪಿ ವಂಶವಾಹಿ ಮಿತವ್ಯಯಿ: ಅದೇ ತುಣುಕಿನಿಂದ ಸಿ ಮತ್ತು ವಿ ಎಂಬ ಇನ್ನೆರಡು ಪ್ರೋಟೀನುಗಳೂ ಹೊರಬೀಳುತ್ತವೆ, ಕುರಿಯ ಮೈಯ ಮೊದಲ ಸಾಲಿನ ರಕ್ಷಣೆಯನ್ನು ಮಂಕುಮಾಡುವ ಕೆಲಸ ಮುಖ್ಯವಾಗಿ ವಿ ಪ್ರೋಟೀನಿನದು.

15,948 ಎಂಬ ಸಂಖ್ಯೆ ಆಕಸ್ಮಿಕವಲ್ಲ. ಒಂದೊಂದು ಎನ್ ಪ್ರೋಟೀನು ಸರಿಯಾಗಿ ಆರು ಅಕ್ಷರಗಳನ್ನು ಹೊದಿಸುತ್ತದೆ. ಆದ್ದರಿಂದ ಒಟ್ಟು ಉದ್ದ ಆರರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. ಇಲ್ಲಿ 2,658 ಬಾರಿ ಆಗುತ್ತದೆ. ಒಂದಕ್ಷರ ಹೆಚ್ಚಾದರೂ ಕಡಿಮೆಯಾದರೂ ನಕಲು ಯಂತ್ರ ಸರಿಯಾಗಿ ನಡೆಯದು. ಆದರೆ ಚೀನಾದಲ್ಲಿ 2013–14ರ ಸೋಂಕಿನಿಂದ ಪ್ರತ್ಯೇಕಿಸಿದ ವೈರಾಣುಗಳಲ್ಲಿ 15,954 ಅಕ್ಷರಗಳು ಸಿಕ್ಕವು. ಎಫ್ ವಂಶವಾಹಿಯ ಮುಂಭಾಗದಲ್ಲಿ, ಪ್ರೋಟೀನಿಗೆ ಅರ್ಥವಿಲ್ಲದ ಜಾಗದಲ್ಲಿ, ಸರಿಯಾಗಿ ಆರು ಅಕ್ಷರಗಳು ಸೇರಿಕೊಂಡಿದ್ದವು. ನಿಯಮ ಮುರಿಯದೆ ಉದ್ದವಾಗುವ ದಾರಿ ಅದೊಂದೇ. ಬದಲಾವಣೆಗೆ ವೈರಾಣುವಿಗಿರುವ ಸ್ವಾತಂತ್ರ್ಯ ಎಷ್ಟು, ಅದರ ಎಲ್ಲೆ ಎಲ್ಲಿ ಎಂಬುದಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ಸಿಗುವುದು ಕಷ್ಟ.

ಬದಲಾವಣೆಯ ಮೂಲ ನಕಲಿನ ತಪ್ಪು. ಆರ್‌ಎನ್‌ಎ ನಕಲು ಮಾಡುವ ಎಲ್ ಪ್ರೋಟೀನಿಗೆ ತಾನು ಬರೆದದ್ದನ್ನು ತಿದ್ದಿಕೊಳ್ಳುವ ಸಾಮರ್ಥ್ಯವಿಲ್ಲ. ಆದ್ದರಿಂದ ಒಂದೇ ಆಡಿನ ಮೈಯಲ್ಲಿ ಕೆಲವೇ ದಿನಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವುಳ್ಳ ಅಸಂಖ್ಯ ಪ್ರತಿಗಳು ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವು, ಅಲ್ಲೇ ಅಳಿಯುತ್ತವೆ. ಉಳಿದವುಗಳಲ್ಲೂ ಹೆಚ್ಚಿನವು ಪ್ರೋಟೀನಿನ ರೂಪವನ್ನು ಬದಲಿಸದ ಮೌನ ವ್ಯತ್ಯಾಸಗಳು. ಹಳೆಯ ಕಾವ್ಯವೊಂದರ ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕರು ಲಿಪಿಕಾರರ ಸ್ಖಾಲಿತ್ಯಗಳಿಂದಲೇ ಯಾವ ಪ್ರತಿ ಯಾವುದರ ನಕಲು ಎಂದು ಗುರುತಿಸುವಂತೆ, ಈ ವ್ಯತ್ಯಾಸಗಳಿಂದ ವೈರಾಣುಗಳ ಸಂಬಂಧವನ್ನು ಗುರುತಿಸಬಹುದು. ಎರಡು ಊರಿನ ವೈರಾಣುಗಳಲ್ಲಿ ಒಂದೇ ತಪ್ಪು ಒಂದೇ ಸ್ಥಾನದಲ್ಲಿ ಕಂಡರೆ ಎರಡಕ್ಕೂ ಸಮೀಪದ ಪೂರ್ವಜ ಒಂದೇ ಇದ್ದಿರಬೇಕು.

ಇನ್ಫ್ಲುಯೆಂಜಾ ಮತ್ತು ಕುರಿಗಳ ನೀಲಿನಾಲಿಗೆ ರೋಗದ ವೈರಾಣುಗಳಲ್ಲಿ ಈ ಲೆಕ್ಕ ಇಷ್ಟು ಸುಲಭವಲ್ಲ. ಅವುಗಳ ಆನುವಂಶಿಕ ಸಾಮಗ್ರಿ ತುಂಡುತುಂಡಾಗಿದೆ. ಎರಡು ತಳಿಗಳು ಒಂದೇ ಪ್ರಾಣಿಯ ಮೈಯಲ್ಲಿ ಸೇರಿದಾಗ ತುಂಡುಗಳು ಅದಲುಬದಲಾಗಿ ಒಮ್ಮೆಲೇ ಹೊಸ ಮಿಶ್ರತಳಿ ಹುಟ್ಟುತ್ತದೆ. ಹಿರೇಬೇನೆಯ ವೈರಾಣುವಿನದು ಅಖಂಡ ಎಳೆ. ಅಲ್ಲಿ ಬದಲಾವಣೆ ಅಕ್ಷರ ಅಕ್ಷರವಾಗಿ ಕೂಡುತ್ತ ಹೋಗಬೇಕು.

ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಎನ್ ಪ್ರೋಟೀನಿನ ಬಾಲಭಾಗ ನಿಶ್ಚಿತ ಆಕಾರವಿಲ್ಲದೆ ಜೋತಾಡುತ್ತಿರುವುದರಿಂದ ಅಲ್ಲಿ ತಪ್ಪುಗಳಿಗೆ ಅವಕಾಶ ಹೆಚ್ಚು. ಆ ಭಾಗದ 255 ಅಕ್ಷರಗಳನ್ನು ಓದಿದರೆ ಸಾಕು, ವೈರಾಣು ಯಾವ ಕವಲಿನದೆಂದು ಹೇಳಬಹುದು. ಮೊದಮೊದಲು ಈ ಕೆಲಸಕ್ಕೆ ಎಫ್ ವಂಶವಾಹಿಯ 322 ಅಕ್ಷರಗಳನ್ನು ಬಳಸುತ್ತಿದ್ದರು. ಎರಡು ವಿಧಾನಗಳಲ್ಲಿ ಆಫ್ರಿಕಾದ ಮೊದಲೆರಡು ಕವಲುಗಳ ಕ್ರಮಸಂಖ್ಯೆ ಅದಲುಬದಲಾಗಿರುವುದರಿಂದ ಹಳೆಯ ಪ್ರಬಂಧಗಳ ಒಂದನೆಯ ಕವಲು ಹೊಸ ಪ್ರಬಂಧಗಳಲ್ಲಿ ಎರಡನೆಯದಾಗಿರುತ್ತದೆ. ವಿಜ್ಞಾನಿಗಳೇ ತಂದುಕೊಂಡ ಈ ಗೊಂದಲ ಹೊಸಬರನ್ನು ಇಂದಿಗೂ ಎಡವಿಸುತ್ತದೆ. ಇಡೀ ಎಳೆಯನ್ನು ಮೊದಲ ಸಲ ಪೂರ್ತಿಯಾಗಿ ಓದಿ ಪ್ರಕಟಿಸಿದ್ದು 2005ರಲ್ಲಿ. ಎಂ ಮತ್ತು ಎಫ್ ವಂಶವಾಹಿಗಳ ನಡುವೆ ಸುಮಾರು ಸಾವಿರ ಅಕ್ಷರಗಳ ಒಂದು ಬಿಗಿಯಾದ ಜಾಗವಿದೆ. ಜಿ ಮತ್ತು ಸಿ ಅಕ್ಷರಗಳೇ ಅಲ್ಲಿ ಕಿಕ್ಕಿರಿದಿರುವುದರಿಂದ ಓದುವ ಯಂತ್ರಗಳು ಮತ್ತೆ ಮತ್ತೆ ಅಲ್ಲೇ ಸಿಕ್ಕಿಬೀಳುತ್ತವೆ.

ಹೀಗೆ ಓದಿದ ಪಠ್ಯಗಳೆಲ್ಲ ನಾಲ್ಕು ಕವಲುಗಳಾಗಿ ಬೇರ್ಪಡುತ್ತವೆ. ಇಂದಿನ ಎಣಿಕೆಯಲ್ಲಿ ಒಂದು ಮತ್ತು ಎರಡನೆಯವು ಪಶ್ಚಿಮ ಆಫ್ರಿಕಾದವು. ಮೂರನೆಯದು ಪೂರ್ವ ಆಫ್ರಿಕಾ ಮತ್ತು ಅರೇಬಿಯದ್ದು. ನಾಲ್ಕನೆಯದು ಏಷ್ಯಾದ್ದು. 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪೂರ್ಣ ಪಠ್ಯಗಳನ್ನು ಹೋಲಿಸಿ, ವರ್ಷಕ್ಕೆ ಪ್ರತಿ ಹತ್ತು ಸಾವಿರ ಅಕ್ಷರಗಳಿಗೆ ಸರಿಸುಮಾರು ಒಂಬತ್ತು ಬದಲಾವಣೆಗಳು ನೆಲೆನಿಲ್ಲುತ್ತವೆ ಎಂದು ಅಂದಾಜಿಸಿತು. ಇಡೀ ಎಳೆಗೆ ವರ್ಷಕ್ಕೆ ಹದಿನಾಲ್ಕರಷ್ಟಾಯಿತು. ಈ ವೇಗವನ್ನು ಹಿಂದಕ್ಕೆ ಓಡಿಸಿದಾಗ ನಾಲ್ಕೂ ಕವಲುಗಳ ಸಮಾನ ಪೂರ್ವಜ 20ನೆಯ ಶತಮಾನದ ಆರಂಭಕ್ಕೆ, ಬಹುಶಃ ನೈಜೀರಿಯದ ಆಸುಪಾಸಿಗೆ ಬಂದು ನಿಂತಿತು. ನಾಲ್ಕನೆಯ ಕವಲಿನ ಮೂಲ ಭಾರತವೆಂದು ಅದೇ ಲೆಕ್ಕ ಸೂಚಿಸಿತು.

ಈ ಕಾಲಗಣನೆಯನ್ನು ಒಂದು ಎಚ್ಚರಿಕೆಯೊಡನೆ ಓದಬೇಕು. ಇಂದು ಸಿಗುವ ವೈರಾಣುಗಳ ಪೂರ್ವಜ ನೂರು ವರ್ಷದವನೆಂದ ಮಾತ್ರಕ್ಕೆ ರೋಗಕ್ಕೂ ನೂರೇ ವರ್ಷವೆಂದಲ್ಲ. ನಡುವೆ ಅಳಿದುಹೋದ ಕವಲುಗಳು ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ, ಅಲ್ಪಕಾಲದಲ್ಲಿ ಕಂಡ ವೇಗ ದೀರ್ಘಕಾಲಕ್ಕೆ ಹೊಂದುವುದಿಲ್ಲ, ಏಕೆಂದರೆ ತುಸು ಹಾನಿಕರವಾದ ಬದಲಾವಣೆಗಳನ್ನು ನೈಸರ್ಗಿಕ ಆಯ್ಕೆ ನಿಧಾನವಾಗಿ ಒರೆಸಿಹಾಕುತ್ತದೆ. ದಡಾರದ ವೈರಾಣುವಿನ ವಿಷಯದಲ್ಲಿ ಇದು ಎದ್ದು ಕಂಡಿತು. ದಡಾರ ಮತ್ತು ದೊಡ್ಡರೋಗದ ವೈರಾಣುಗಳು ಬೇರ್ಪಟ್ಟದ್ದು ಕ್ರಿ.ಶ. 11–12ನೆಯ ಶತಮಾನದಲ್ಲಿ ಎಂದು ಮೊದಲಿನ ಗಣನೆ ಹೇಳುತ್ತಿತ್ತು. ಬರ್ಲಿನ್ನಿನಲ್ಲಿ ಕಾಪಿಟ್ಟಿದ್ದ, 1912ರಲ್ಲಿ ದಡಾರದಿಂದ ಸತ್ತ ಮಗುವೊಂದರ ಶ್ವಾಸಕೋಶದಿಂದ ವೈರಾಣುವಿನ ಪಠ್ಯವನ್ನು ಹೊರತೆಗೆದು, ಆಯ್ಕೆಯ ಪ್ರಭಾವವನ್ನೂ ಸೇರಿಸಿ 2020ರಲ್ಲಿ ಲೆಕ್ಕಹಾಕಿದಾಗ ಆ ಕಾಲ ಕ್ರಿ.ಪೂ. 6ನೆಯ ಶತಮಾನದವರೆಗೂ ಹಿಂದೆ ಸರಿಯಿತು. ಆಡು–ಕುರಿಗಳ ವೈರಾಣು ಈ ಎರಡಕ್ಕೂ ದಾಯಾದಿ. ಅದರ ಕುಲಶಾಖೆ ಅದಕ್ಕೂ ಮುಂಚೆ ಒಡೆದಿರಬೇಕು.

ಭಾರತದಲ್ಲಿ ಈ ವೈರಾಣು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಅದನ್ನು ಗುರುತಿಸಿದ ಸಂಶೋಧನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಅವರ ಸಂಗಡಿಗರ ಪಾತ್ರ ದೊಡ್ಡದು. ವರದಿ 1989ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಕುರಿಗಳಲ್ಲಿ ಇಂಥ ಲಕ್ಷಣ ಕಂಡರೆ ದೊಡ್ಡರೋಗವೆಂದೇ ದಾಖಲಾಗುತ್ತಿತ್ತು. ರೋಗ 1990ರ ದಶಕದ ಮೊದಲ ವರ್ಷಗಳವರೆಗೆ ದಕ್ಷಿಣದ ರಾಜ್ಯಗಳಲ್ಲೇ ಕಂಡಿತು. 1994ರಿಂದ ಈಚೆಗೆ ಉತ್ತರ ಭಾರತದಲ್ಲೂ ದಾಖಲಾಯಿತು. ಅದು ನಿಜಕ್ಕೂ ಹರಡಿತೋ, ಪರೀಕ್ಷೆಗಳು ಬಂದದ್ದರಿಂದ ಕಣ್ಣಿಗೆ ಬಿತ್ತೋ? ಎರಡೂ ಇರಬಹುದು. ಭಾರತದ ವೈರಾಣುಗಳೆಲ್ಲ ನಾಲ್ಕನೆಯ ಕವಲಿನವು. ತಮಿಳುನಾಡಿನಲ್ಲಿ 1992ರಲ್ಲಿ ಸಿಕ್ಕ ಒಂದು ಮಾದರಿ ಮಾತ್ರ ಮೂರನೆಯದಾಗಿತ್ತು. ಹೊರಗಿಂದ ಬಂದ ಕಿಡಿಯೊಂದು ಹೊತ್ತಿಕೊಳ್ಳದೆ ಆರಿಹೋದದ್ದಕ್ಕೆ ಅದು ಸಾಕ್ಷಿ.

ನಾಲ್ಕನೆಯ ಕವಲಿನ ಮುಂದಿನ ಕಥೆ ವಿಸ್ತರಣೆಯದು. 2007ರಲ್ಲಿ ಟಿಬೆಟ್ಟಿನಲ್ಲಿ ಕಾಣಿಸಿ ಹತೋಟಿಗೆ ಬಂದ ರೋಗ 2013ರ ಕೊನೆಯಲ್ಲಿ ಷಿನ್‌ಜಿಯಾಂಗಿನಲ್ಲಿ ಮತ್ತೆ ಎದ್ದು ಕೆಲವೇ ತಿಂಗಳುಗಳಲ್ಲಿ ಚೀನಾದ ಬಹುಪಾಲು ಪ್ರಾಂತಗಳಿಗೆ ಹಬ್ಬಿತು. ಇದು ಟಿಬೆಟ್ಟಿನ ವೈರಾಣುವಿನ ಸಂತಾನವೆಂದು ಊಹಿಸುವುದು ಸಹಜ. ಅಕ್ಷರಗಳು ಬೇರೆ ಮಾತು ಹೇಳಿದವು: ಎರಡನೆಯ ಸಲದ್ದು ಮಧ್ಯ ಏಷ್ಯಾದ ಕಡೆಯಿಂದ ಹೊಸದಾಗಿ ಒಳಬಂದದ್ದು, 2014ರಲ್ಲಿ ಕಜಾಕಸ್ತಾನದಲ್ಲಿ ಸಿಕ್ಕಿದ ವೈರಾಣುವಿಗೆ ಅತಿ ಹತ್ತಿರದ್ದು. ಆಫ್ರಿಕಾದೊಳಕ್ಕೂ ಏಷ್ಯಾದ ಕವಲು ಹಿಂತಿರುಗಿ ನಡೆದಿದೆ. ಸುಡಾನ್, ಈಜಿಪ್ಟುಗಳಲ್ಲಿ ನೆಲೆಯೂರಿ, 2008ರಲ್ಲಿ ಮೊರಾಕ್ಕೊ ಮುಟ್ಟಿ, ಇಥಿಯೋಪಿಯದಲ್ಲಿ ಮೂರನೆಯ ಕವಲಿನ ಜಾಗವನ್ನೂ ನೈಜೀರಿಯದಲ್ಲಿ ಎರಡನೆಯದರ ಜಾಗವನ್ನೂ ಅದು ಆಕ್ರಮಿಸತೊಡಗಿತು. 2018ರಲ್ಲಿ ಬಲ್ಗೇರಿಯದ ಮೂಲಕ ಯುರೋಪಿಯನ್ ಒಕ್ಕೂಟದೊಳಗೆ ಮೊದಲ ಬಾರಿ ಕಾಣಿಸಿತು. 2024ರ ಜುಲೈನಲ್ಲಿ ಗ್ರೀಸ್ ಮತ್ತು ರೊಮೇನಿಯ, 2025ರ ಜನವರಿಯಲ್ಲಿ ಹಂಗೇರಿ ರೋಗಪೀಡಿತ ದೇಶಗಳ ಪಟ್ಟಿಗೆ ಸೇರಿದವು.

ನಾಲ್ಕನೆಯ ಕವಲು ಉಳಿದವುಗಳಿಗಿಂತ ಬಲಶಾಲಿಯಾಗಿ ವಿಕಾಸಗೊಂಡಿದೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಅದಕ್ಕೆ ಪುರಾವೆ ತೆಳುವಾಗಿದೆ. ವೈರಾಣು ಬಲಿಯುವುದಕ್ಕಿಂತ ಸರಳವಾದ ವಿವರಣೆ ಕಣ್ಣೆದುರಿಗೇ ಇದೆ. ಈ ವೈರಾಣು ಗಾಳಿಯಲ್ಲಿ ಮೈಲುಗಟ್ಟಲೆ ತೇಲುವುದಿಲ್ಲ, ಬಿಸಿಲಿನಲ್ಲಿ ಬೇಗ ಸಾಯುತ್ತದೆ. ಮೂಗಿಗೆ ಮೂಗು ತಾಗುವಷ್ಟು ಹತ್ತಿರದ ಒಡನಾಟ ಬೇಕು. ಅದು ದೇಶ ದಾಟುವುದು ಲಾರಿಯಲ್ಲಿ, ಹಡಗಿನಲ್ಲಿ, ಹಬ್ಬದ ಮುಂಚಿನ ಸಂತೆಗೆ ನಡೆಸಿಕೊಂಡು ಹೋಗುವ ಮಂದೆಯಲ್ಲಿ. ಸೋಂಕು ತಗಲಿದ ಆಡು ಜ್ವರ ಕಾಣಿಸುವ ಮೊದಲೇ ವೈರಾಣು ಹೊರಹಾಕಲು ತೊಡಗುವುದರಿಂದ ಸಂತೆಯಲ್ಲಿ ಹಲ್ಲು ನೋಡಿ, ಬೆನ್ನು ತಡವಿ ಕೊಳ್ಳುವವನಿಗೆ ರೋಗದ ಸುಳಿವು ಸಿಗದು. ದಕ್ಷಿಣ ಏಷ್ಯಾ, ಅರೇಬಿಯ, ಆಫ್ರಿಕಾದ ಕೊಂಬು ಇವುಗಳ ನಡುವಿನ ಜಾನುವಾರು ವ್ಯಾಪಾರದ ದಾರಿಗಳನ್ನೂ ಕವಲುಗಳ ನಕ್ಷೆಯನ್ನೂ ಒಂದರ ಮೇಲೊಂದಿಟ್ಟರೆ ಹೆಚ್ಚಿನ ಕಡೆ ಎರಡೂ ಕೂಡಿಬರುತ್ತವೆ.

ದೊಡ್ಡರೋಗದ ನಿರ್ಮೂಲನೆಯನ್ನೂ ಇಲ್ಲಿ ಹೇಳಬೇಕು. 2011ರಲ್ಲಿ ಜಗತ್ತು ದೊಡ್ಡರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಆ ರೋಗದ ಸೋಂಕು ತಗಲಿ ಬದುಕಿದ ಅಥವಾ ಅದರ ಲಸಿಕೆ ಪಡೆದ ಆಡು–ಕುರಿಗಳಿಗೆ ಹಿರೇಬೇನೆಯಿಂದಲೂ ರಕ್ಷಣೆ ಸಿಗುತ್ತಿತ್ತು. ಎಷ್ಟೋ ದೇಶಗಳಲ್ಲಿ ಆ ಲಸಿಕೆಯನ್ನೇ ಕುರಿಗಳಿಗೂ ಹಾಕುತ್ತಿದ್ದರು. ದೊಡ್ಡರೋಗವೂ ಲಸಿಕೆಯೂ ನಿಂತ ಮೇಲೆ ಆ ಎರವಲು ರಕ್ಷಣೆ ಇಲ್ಲವಾಯಿತು. ಖಾಲಿಯಾದ ಜಾಗಕ್ಕೆ ದಾಯಾದಿ ಕಾಲಿಟ್ಟಿತೆಂಬ ಊಹೆ ತಳ್ಳಿಹಾಕುವಂಥದ್ದಲ್ಲ.

ಇಷ್ಟೆಲ್ಲ ಬದಲಾಗುವ ವೈರಾಣುವಿಗೆ ಲಸಿಕೆ ಹೇಗೆ ನಿಂತೀತು ಎಂಬ ಪ್ರಶ್ನೆ ಏಳುತ್ತದೆ. ವಿಚಿತ್ರವೆಂದರೆ ಲಸಿಕೆ ಚೆನ್ನಾಗಿಯೇ ನಿಂತಿದೆ. ನೈಜೀರಿಯದಲ್ಲಿ 1975ರಲ್ಲಿ ಆಡಿನಿಂದ ಪಡೆದ ಎರಡನೆಯ ಕವಲಿನ ವೈರಾಣುವನ್ನು ಜೀವಕೋಶಗಳಲ್ಲಿ ಪದೇ ಪದೇ ಬೆಳೆಸಿ ಮೆತ್ತಗಾಗಿಸಿದ ಲಸಿಕೆ ನಾಲ್ಕೂ ಕವಲುಗಳಿಂದ ರಕ್ಷಿಸುತ್ತದೆ. ಭಾರತದ್ದು ಸುಂಗ್ರಿ 96: ಹಿಮಾಚಲ ಪ್ರದೇಶದ ಸುಂಗ್ರಿಯ ಆಡಿನಿಂದ ಬಂದ ನಾಲ್ಕನೆಯ ಕವಲಿನ ವೈರಾಣು, ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮುಕ್ತೇಶ್ವರ ಕೇಂದ್ರದಲ್ಲಿ ಲಸಿಕೆಯಾಗಿ ರೂಪುಗೊಂಡದ್ದು. ಕರ್ನಾಟಕಕ್ಕೆ ಬೇಕಾದ ಪಿ.ಪಿ.ಆರ್. ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುತ್ತದೆ. ಒಂದು ಚುಚ್ಚುಮದ್ದಿನ ರಕ್ಷಣೆ ಕನಿಷ್ಠ ಮೂರು ವರ್ಷ ಬಾಳುತ್ತದೆ.

ಕಾರಣ ಎಚ್ ಪ್ರೋಟೀನಿನಲ್ಲಿದೆ. ಅದು ಕುರಿಯ ರೋಗನಿರೋಧಕ ಕೋಶಗಳ ಮೇಲಿನ ಸ್ಲಾಮ್ ಎಂಬ ಕೊಂಡಿಯನ್ನೂ, ಉಸಿರಾಟದ ನಾಳ ಮತ್ತು ಕರುಳಿನ ಒಳಪದರದ ನೆಕ್ಟಿನ್–4 ಎಂಬ ಕೊಂಡಿಯನ್ನೂ ಹಿಡಿಯಬೇಕು. ದಡಾರದ ವೈರಾಣುವಿನಲ್ಲಿ ನಡೆದ ಅಧ್ಯಯನಗಳ ಪ್ರಕಾರ, ಪ್ರತಿಕಾಯಗಳು ಬಂದು ಕೂರುವುದೂ ಹೆಚ್ಚಾಗಿ ಈ ಹಿಡಿತದ ಜಾಗದ ಸುತ್ತಲೇ. ಪ್ರತಿಕಾಯವನ್ನು ತಪ್ಪಿಸಲು ಆಕಾರ ಬದಲಿಸಿದರೆ ಹಿಡಿತವೇ ಸಡಿಲುತ್ತದೆ. ಇನ್ನೊಂದು ಕಾರಣ ಮಂದೆಯಲ್ಲೇ ಇದೆ. ರೋಗದಿಂದ ಚೇತರಿಸಿದ ಕುರಿಗೆ ಜೀವಮಾನದ ರಕ್ಷಣೆ ಬರುತ್ತದೆ, ಅದು ಗುಪ್ತವಾಗಿ ವೈರಾಣುವನ್ನು ಹೊತ್ತು ತಿರುಗುವುದಿಲ್ಲ. ಹಾಗಿದ್ದರೂ ರೋಗ ಉಳಿಯುವುದು ಹೊಸ ಮರಿಗಳಿಂದ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಆಡು–ಕುರಿಗಳ ಸಂಖ್ಯೆ 22 ಕೋಟಿಗೂ ಹೆಚ್ಚು. ಕರ್ನಾಟಕವೊಂದರಲ್ಲೇ ಕುರಿಗಳು ಒಂದು ಕೋಟಿ ಹತ್ತು ಲಕ್ಷ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಕೆಲವು ತಿಂಗಳಲ್ಲಿ ಕರಗಿದ ಮೇಲೆ ಪ್ರತಿ ಮರಿಯೂ ವೈರಾಣುವಿಗೆ ತೆರೆದ ಬಾಗಿಲು. ಇಷ್ಟು ಮರಿಗಳು ವರ್ಷವರ್ಷವೂ ಸಿಗುತ್ತಿರುವಾಗ ಹಳೆಯ ಕುರಿಯ ಪ್ರತಿಕಾಯವನ್ನು ವಂಚಿಸುವ ದರ್ದು ಅದಕ್ಕೆ ಬೀಳುವುದೇ ಇಲ್ಲ.

ಆತಂಕಪಡಬೇಕಾದ ಬದಲಾವಣೆ ಇನ್ನೊಂದು ದಿಕ್ಕಿನದು, ಆತಿಥೇಯ ಪ್ರಾಣಿಗಳದು. 1995ರಲ್ಲಿ ದಕ್ಷಿಣ ಭಾರತದ ಎಮ್ಮೆಗಳಲ್ಲಿ ದೊಡ್ಡರೋಗದಂತೆ ಕಂಡ ಮರಣಕಾರಿ ಬೇನೆಯಿಂದ ಈ ವೈರಾಣು ಸಿಕ್ಕಿತು. 2007ರಲ್ಲಿ ಗಿರ್ ಅರಣ್ಯದಲ್ಲಿ ಸತ್ತ ಸಿಂಹವೊಂದರ ಅಂಗಾಂಶದಲ್ಲಿ ಅದರ ಆರ್‌ಎನ್‌ಎ ಕಂಡುಬಂದಿತು; ಸೋಂಕಿತ ಬೇಟೆಯನ್ನು ತಿಂದದ್ದೇ ಕಾರಣವಿರಬಹುದು. ಇವೆಲ್ಲ ಬಿಡಿ ಪ್ರಕರಣಗಳು, ಅಲ್ಲಿಂದ ಮುಂದಕ್ಕೆ ಸರಪಳಿ ಬೆಳೆಯಲಿಲ್ಲ. ಮಂಗೋಲಿಯದ ಪ್ರಕರಣ ಹಾಗಲ್ಲ. 2016ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾಕುಪ್ರಾಣಿಗಳಲ್ಲಿ ರೋಗ ವರದಿಯಾಯಿತು. ಅದೇ ಚಳಿಗಾಲದಲ್ಲಿ ಸೈಗಾ ಎಂಬ ಅಪರೂಪದ ಹುಲ್ಲೆಗಳು ಸಾವಿರಗಟ್ಟಲೆ ಹಿಮದ ಮೇಲೆ ಸತ್ತು ಬಿದ್ದವು. ಕಾಡುಮೇಕೆ, ಗಸೆಲ್‌ಗಳೂ ಸತ್ತವು. ಸೈಗಾದಿಂದ ತೆಗೆದ ವೈರಾಣುವಿನ ಪಠ್ಯ ಸಾಕುಪ್ರಾಣಿಗಳದ್ದಕ್ಕೆ ತೀರ ಸಮೀಪವಾಗಿತ್ತು: ವೈರಾಣು ಹೊಸ ಪ್ರಾಣಿಗೆಂದು ಹೊಸದಾಗಿ ಸಜ್ಜಾಗಿ ಬಂದದ್ದಲ್ಲ, ಒಂದೇ ಹುಲ್ಲುಗಾವಲಿನಲ್ಲಿ ಮೇಯುವ ಮಂದೆಯಿಂದ ನೇರವಾಗಿ ದಾಟಿದ್ದು.

ಆತಿಥೇಯನ ಎಲ್ಲೆ ಎಷ್ಟು ತೆಳು ಎಂಬುದನ್ನು 2018ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಎಚ್ ಪ್ರೋಟೀನಿನ ಒಂದೇ ಒಂದು ಅಮೈನೊ ಆಮ್ಲವನ್ನು ಬದಲಿಸಿದಾಗ ಅದು ಮನುಷ್ಯರ ಸ್ಲಾಮ್ ಕೊಂಡಿಯನ್ನೂ ಹಿಡಿಯಬಲ್ಲದಾಯಿತು. ಆದರೆ ದಡಾರದ ಲಸಿಕೆ ಪಡೆದವರ ರಕ್ತದಲ್ಲಿನ ಪ್ರತಿಕಾಯಗಳು ಆ ಪ್ರೋಟೀನನ್ನು ತಡೆದವು. ಕೊಂಡಿ ಹಿಡಿದ ಮಾತ್ರಕ್ಕೆ ರೋಗವಾಗುವುದಿಲ್ಲ, ಮನುಷ್ಯರಲ್ಲಿ ಈ ಸೋಂಕು ಎಲ್ಲೂ ಕಂಡಿಲ್ಲ. ಅಷ್ಟಾದರೂ ದಡಾರದ ಲಸಿಕೆಯನ್ನು ನಿಲ್ಲಿಸುವ ಮಾತು ಮುಂದೆಂದಾದರೂ ಬಂದರೆ ಈ ಪ್ರಯೋಗವನ್ನು ನೆನೆಯಬೇಕಾಗುತ್ತದೆ.

2015ರಲ್ಲಿ ಅಬಿಜಾನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ 2030ರೊಳಗೆ ಈ ರೋಗವನ್ನು ಭೂಮಿಯಿಂದ ಅಳಿಸುವ ಗುರಿ ಇಟ್ಟುಕೊಂಡಿತು; ಭಾರತದ ಗುರಿಯೂ ಅದೇ ವರ್ಷ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ದೇಶದ ನಾನಾ ಕಡೆಯ ಮಾದರಿಗಳನ್ನು ಪರೀಕ್ಷಿಸಿ ರೋಗದ ಚಲನೆಯ ಮೇಲೆ ಕಣ್ಣಿಟ್ಟಿದೆ. ಲಸಿಕೆ ವ್ಯಾಪಕವಾದಷ್ಟೂ ಪಠ್ಯ ಓದುವ ಕೆಲಸ ಸೂಕ್ಷ್ಮವಾಗುತ್ತದೆ. ಈಗಿನ ಲಸಿಕೆಗಳು ಜೀವಂತ ವೈರಾಣುವಿನವು. ಲಸಿಕೆ ಪಡೆದ ಕುರಿಯ ರಕ್ತಕ್ಕೂ ರೋಗ ಬಂದು ಗುಣವಾದ ಕುರಿಯ ರಕ್ತಕ್ಕೂ ಪ್ರತಿಕಾಯ ಪರೀಕ್ಷೆಯಲ್ಲಿ ಭೇದ ಕಾಣದು. ಲಸಿಕೆ ಹಾಕಿದ ಮೇಲೂ ಮಂದೆಯಲ್ಲಿ ಮೂಗು ಸೋರುವ ಮರಿಯೊಂದು ಕಂಡರೆ, ಮೂಗಿಗೆ ಹತ್ತಿಯ ಕಡ್ಡಿ ಹಾಕಿ ತೆಗೆದ ಮಾದರಿಯಲ್ಲಿ ಇರುವುದು ಲಸಿಕೆಯ ವೈರಾಣುವೋ ಬಯಲಿನದೋ ಎಂಬುದನ್ನು ಅಕ್ಷರಗಳೇ ಹೇಳಬೇಕು. ಏಷ್ಯಾದಲ್ಲಿ ನೈಜೀರಿಯದ ಲಸಿಕೆ ಬಳಸಿದ ಕಡೆ ಇದು ಸುಲಭ, ಏಕೆಂದರೆ ಲಸಿಕೆ ಎರಡನೆಯ ಕವಲಿನದು, ರೋಗ ನಾಲ್ಕನೆಯದರದ್ದು. ಎನ್ ವಂಶವಾಹಿಯ 255 ಅಕ್ಷರಗಳೇ ಸಾಕು. ಭಾರತದಲ್ಲಿ ಲಸಿಕೆಯೂ ರೋಗವೂ ನಾಲ್ಕನೆಯ ಕವಲಿನವೇ ಆದ್ದರಿಂದ ಅಷ್ಟರಿಂದ ಯಾವಾಗಲೂ ಸಾಲದು. ಸುಂಗ್ರಿ 96ಕ್ಕೆ ಜೀವಕೋಶಗಳಲ್ಲಿ ಬೆಳೆಯುವಾಗ ಸೇರಿದ ಬದಲಾವಣೆಗಳನ್ನೂ, ಬಯಲಿನ ವೈರಾಣು 1996ರಿಂದ ಈಚೆಗೆ ಕೂಡಿಹಾಕಿದ ಬದಲಾವಣೆಗಳನ್ನೂ ಎಳೆಯ ಉದ್ದಕ್ಕೂ ಒಂದರ ಪಕ್ಕ ಒಂದಿಟ್ಟು ನೋಡಿಯೇ ತೀರ್ಮಾನಕ್ಕೆ ಬರಬೇಕಾಗುತ್ತದೆ.